60 ಜನ, 240 ಗಾಳಿ ಬೊಂಬೆ: ತುಂಬಿದ ಸಭೆಯನ್ನು ಶೂಟ್ ಮಾಡುವ ಬಗೆ

ಕಿರುಚಿತ್ರದ ಸ್ಕ್ರಿಪ್ಟ್‌ನಲ್ಲಿ "ಮೈದಾನದ ತುಂಬಾ ಜನ" ಅಂತ ಬರೆಯೋಕೆ ಒಂದು ಸಾಲು ಸಾಕು. ಬಜೆಟ್ ಹಾಕುವಾಗ ಮೊದಲು ಕತ್ತರಿ ಬೀಳುವುದೂ ಆ ಸಾಲಿಗೇ. ಗುಂಪಿನಲ್ಲಿ ಕೂರುವ 300 ಜೂನಿಯರ್ ಆರ್ಟಿಸ್ಟ್‌ಗಳನ್ನು ಕರೆಸಿದರೆ ಸಂಬಳ, ಬಾಟಾ (ದಿನದ ಭತ್ಯೆ) ಕೊಟ್ಟು ಮುಗಿಯುವುದಿಲ್ಲ. ಕರೆತರೋಕೆ ಬಸ್ಸು, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಕುಡಿಯುವ ನೀರು, ಶೌಚಾಲಯ, ಹೆಂಗಸರಿಗೆ ಬಟ್ಟೆ ಬದಲಿಸುವ ಜಾಗ, ಎಲ್ಲವೂ ಬೇಕು. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಅಷ್ಟು ಜನರನ್ನು ಒಂದು ಕಡೆ ಸುರಕ್ಷಿತವಾಗಿ ನಿಭಾಯಿಸುವುದೂ ಸುಲಭವಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಅದಾದ ಮೇಲೆ ಈ ಊರಿನಲ್ಲಿ ಗುಂಪು ಸೇರಿಸುವ ಮಾತನ್ನು ಯಾರೂ ಹಗುರವಾಗಿ ಆಡಬಾರದು.

ಇದಕ್ಕೆ ಒಂದು ದಾರಿ ಗಾಳಿ ಬೊಂಬೆ. ತಲೆಯಿಂದ ಸೊಂಟದವರೆಗೆ ಮಾತ್ರ ಇರುವ, ಗಾಳಿ ತುಂಬಿದ ಪಿವಿಸಿ ಬೊಂಬೆಗಳಿಗೆ ಅಂಗಿ, ಮುಖವಾಡ, ವಿಗ್ ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ. 2003ರ 'ಸೀಬಿಸ್ಕಟ್' ಚಿತ್ರದ ಕುದುರೆ ರೇಸ್ ದೃಶ್ಯಗಳಿಗೆ ಇಂಥ ಸಾವಿರಾರು ಬೊಂಬೆಗಳನ್ನು ಬಳಸಿದರು. ಆ ಕೆಲಸದಿಂದಲೇ ಅಮೆರಿಕದ ಜೋ ಬಿಗ್ಗಿನ್ಸ್ ಎಂಬುವರು ಬೊಂಬೆಗಳನ್ನು ಬಾಡಿಗೆಗೆ ಕೊಡುವ ಕಂಪನಿ ಕಟ್ಟಿದರು. 2010ರ 'ದಿ ಕಿಂಗ್ಸ್ ಸ್ಪೀಚ್' ಶುರುವಾಗುವುದೇ ವೆಂಬ್ಲಿ ಸ್ಟೇಡಿಯಂನ ಭಾಷಣದಿಂದ. ಅದನ್ನು ಶೂಟ್ ಮಾಡುವಾಗಲೂ ನಿಜವಾದ ಜನರ ಜೊತೆ ಗಾಳಿ ಬೊಂಬೆಗಳನ್ನು ಬೆರೆಸಿದ್ದರು.

ಬೊಂಬೆ ತಂದ ಕೂಡಲೇ ಜನರ ಅಗತ್ಯ ಮುಗಿಯಿತು ಅಂದುಕೊಳ್ಳಬೇಡಿ. ಬರೀ ಬೊಂಬೆ ಕೂರಿಸಿದ ಸಭೆಯನ್ನು ನೋಡುಗ ಎರಡು ಸೆಕೆಂಡಿನಲ್ಲಿ ಹಿಡಿಯುತ್ತಾನೆ. ಗುಂಪಿನಲ್ಲಿ ಕಣ್ಣು ಮುಖ ಹುಡುಕುವುದಕ್ಕಿಂತ ಮೊದಲು ಅಲುಗಾಟ ಹುಡುಕುತ್ತದೆ. ಒಬ್ಬ ಕತ್ತು ತಿರುಗಿಸಿದ, ಒಬ್ಬಳು ಸೆರಗು ಸರಿಮಾಡಿಕೊಂಡಳು, ಮಗುವೊಂದು ಎದ್ದು ನಿಂತಿತು ಅಂದರೆ ಅದರ ಸುತ್ತ ಕೂತ ಎಂಟು ಬೊಂಬೆಗೂ ಜೀವ ಬರುತ್ತದೆ. ಹಾಗಾಗಿ ನಿಮ್ಮ ಹತ್ತಿರ ಇರುವ ಕೆಲವೇ ಜನರನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಈ ವಿದ್ಯೆಯ ತಿರುಳು.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಬಡಾವಣೆಯ ಮೈದಾನದಲ್ಲಿ ರಾತ್ರಿ ರಾಜ್ಯೋತ್ಸವದ ಕಾರ್ಯಕ್ರಮ. ಶಾಮಿಯಾನ, ವೇದಿಕೆ, 300 ಪ್ಲಾಸ್ಟಿಕ್ ಕುರ್ಚಿ: ಸಾಲಿಗೆ 20ರಂತೆ 15 ಸಾಲು. ನವೆಂಬರ್ ಬಂದರೆ ಬೆಂಗಳೂರಿನ ಬೀದಿ ಬೀದಿಯಲ್ಲೂ ಕಾಣುವ ನೋಟ. ಗಾಳಿ ಬೊಂಬೆಗೂ ಇದು ಹೇಳಿ ಮಾಡಿಸಿದ ಸಂದರ್ಭ. ಬೊಂಬೆಗೆ ಕಾಲಿಲ್ಲ ಅನ್ನುವುದನ್ನು ಮುಂದಿನ ಸಾಲಿನ ಕುರ್ಚಿಗಳೇ ಮುಚ್ಚುತ್ತವೆ. ನಿಂತ ಗುಂಪು ಬೇಕಾದರೆ ಬೊಂಬೆಗಳನ್ನು ಎತ್ತರದ ಸ್ಟೂಲು ಅಥವಾ ಕಂಬಕ್ಕೆ ಕಟ್ಟಬೇಕು. ಕೆಲಸ ಹೆಚ್ಚು, ಬೀಳುವ ಭಯವೂ ಹೆಚ್ಚು. ಮೊದಲ ಸಲ ಮಾಡುವವರು ಕೂತ ಸಭೆಯನ್ನೇ ಆರಿಸಿಕೊಳ್ಳಿ.

ಮೊದಲು ಲೆನ್ಸ್, ಆಮೇಲೆ ಬೊಂಬೆ

ಬೊಂಬೆ ಎಷ್ಟು ಬೇಕು, ಮುಖವಾಡ ಬೇಕೋ ಬೇಡವೋ ಅನ್ನುವುದನ್ನು ಕ್ಯಾಮೆರಾ ತೀರ್ಮಾನಿಸುತ್ತದೆ. ಹಾಗಾಗಿ ಛಾಯಾಗ್ರಾಹಕರನ್ನು ಕರೆದುಕೊಂಡು ಹೋಗಿ ಲೊಕೇಶನ್ ನೋಡಿ, ಲೆನ್ಸ್ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿ.

ಮನುಷ್ಯನ ತಲೆ ಗಲ್ಲದಿಂದ ನೆತ್ತಿವರೆಗೆ ಸುಮಾರು 22 ಸೆಂಟಿಮೀಟರ್. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಅಗಲ 36 ಎಂಎಂ. 0.22ನ್ನು ಚಿತ್ರದ ಅಗಲದ ಪಿಕ್ಸೆಲ್‌ನಿಂದಲೂ ಲೆನ್ಸ್‌ನ ಫೋಕಲ್ ಲೆಂತ್‌ನಿಂದಲೂ (ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರುವ ಅಂಕಿ) ಗುಣಿಸಿ. ಬಂದಿದ್ದನ್ನು 36ರಿಂದಲೂ ಮೀಟರ್ ಲೆಕ್ಕದ ದೂರದಿಂದಲೂ ಭಾಗಿಸಿ. ಪರದೆ ಮೇಲೆ ಒಂದು ತಲೆ ಎಷ್ಟು ಪಿಕ್ಸೆಲ್ ಎತ್ತರ ಇರುತ್ತದೆ ಅನ್ನುವುದು ಸಿಗುತ್ತದೆ.

ನಮ್ಮ ಮೈದಾನಕ್ಕೆ ಹಾಕೋಣ. ಕ್ಯಾಮೆರಾ ವೇದಿಕೆ ಮೇಲೆ, ಮೊದಲ ಸಾಲು 5 ಮೀಟರ್ ದೂರ, ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, 35 ಎಂಎಂ ಲೆನ್ಸ್, ಎಚ್‌ಡಿ ಅಂದರೆ 1920 ಪಿಕ್ಸೆಲ್ ಅಗಲ. ನಾಲ್ಕನೇ ಸಾಲಿನ ತಲೆ ಸುಮಾರು 53 ಪಿಕ್ಸೆಲ್. ಹನ್ನೊಂದನೇ ಸಾಲಿಗೆ ಅದು 29ಕ್ಕೆ ಇಳಿಯುತ್ತದೆ. ಕೊನೆಯ ಸಾಲಿನಲ್ಲಿ 23. ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ: 30 ಪಿಕ್ಸೆಲ್ ಒಳಗಿದ್ದರೆ ತಲೆಗೆ ಕಂದು ಬಟ್ಟೆ, ಮೇಲೊಂದು ವಿಗ್ ಅಥವಾ ಟೋಪಿ ಸಾಕು. 30ರಿಂದ 60ರವರೆಗೆ ಮೂಗು, ಹುಬ್ಬು ಇರುವ ಮುಖವಾಡ ಬೇಕೇ ಬೇಕು. 60 ದಾಟಿದರೆ ಅಲ್ಲಿ ಮನುಷ್ಯರನ್ನೇ ಕೂರಿಸಿ, ಇಲ್ಲವೇ ಮುಂದೆ ಕೂತವರ ತಲೆ ಬೊಂಬೆಯನ್ನು ಅರ್ಧ ಮರೆಮಾಡಲಿ. ಈ ಲೆಕ್ಕದಲ್ಲಿ ನಮ್ಮ 4ರಿಂದ 10ನೇ ಸಾಲಿಗೆ ಮುಖವಾಡ, 11ರಿಂದ 15ಕ್ಕೆ ಬಟ್ಟೆ.

4ಕೆಯಲ್ಲಿ ಶೂಟ್ ಮಾಡಿ 4ಕೆಯಲ್ಲೇ ತೋರಿಸುತ್ತೀರಾದರೆ ಈ ಅಂಕಿಗಳೆಲ್ಲ ಎರಡು ಪಟ್ಟಾಗುತ್ತವೆ. ಹತ್ತನೇ ಸಾಲಿನವರೆಗೂ 60 ದಾಟುತ್ತದೆ. ಆಗ ಎರಡೇ ದಾರಿ. ಕ್ಯಾಮೆರಾವನ್ನು ಹಿಂದೆ ಸರಿಸಿ, ಇಲ್ಲವೇ ಭಾಷಣಕಾರನ ಭುಜದ ಹಿಂದೆ ಇಟ್ಟು ಫೋಕಸ್ ಅವನ ಮೇಲೆ ಹಿಡಿದು ಸಭೆಯನ್ನು ಮಸುಕು ಮಾಡಿ. ಉದ್ದದ ಲೆನ್ಸ್ ಹಾಕಿದರೆ ತಲೆಗಳು ದೊಡ್ಡದಾಗಿ ಬರುತ್ತವೆ, ಆದರೆ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ. 85 ಎಂಎಂನಲ್ಲಿ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು ತೆಗೆದ ಮಸುಕು ಸಭೆಯಲ್ಲಿ ಬೊಂಬೆ ಯಾವುದು, ಜನ ಯಾರು ಅಂತ ತಿಳಿಯುವುದು ಕಷ್ಟ.

ಇನ್ನೊಂದು ವಿಷಯವನ್ನೂ ಈಗಲೇ ಯೋಚಿಸಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗದೆ ಇರುತ್ತದೆ ಅಂದರೆ ಬೊಂಬೆಯ ಅಗತ್ಯವೇ ಇಲ್ಲದಿರಬಹುದು. ಇರುವ 60 ಜನರನ್ನು ಮೊದಲು ಎಡಗಡೆ ಕೂರಿಸಿ ಒಂದು ಶಾಟ್, ಅಂಗಿ-ಶಲ್ಯ ಬದಲಿಸಿ ನಡುವೆ ಕೂರಿಸಿ ಇನ್ನೊಂದು, ಬಲಕ್ಕೆ ಮತ್ತೊಂದು. ಆಮೇಲೆ ಎಡಿಟಿಂಗ್‌ನಲ್ಲಿ ಜೋಡಿಸಿ. ಫೋಟೋಗ್ರಫಿಗಂತೂ ಇದೇ ಸುಲಭ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮ್ಯಾನ್ಯುಯಲ್‌ನಲ್ಲಿಡಿ. ಹಗಲಾದರೆ ಬೆಳಕು ಬದಲಾಗುವ ಮೊದಲು, ಅರ್ಧ ಗಂಟೆಯೊಳಗೆ ಮುಗಿಸಿ. ಕ್ಯಾಮೆರಾ ಕೈಯಲ್ಲಿದ್ದರೆ, ಕ್ರೇನ್ ಮೇಲಿದ್ದರೆ, ಸಭೆಯ ನಡುವೆ ನಾಯಕ ಓಡಿಬರುತ್ತಾನೆ ಅಂದರೆ ಬೊಂಬೆಯೇ ಸರಿ. ಬೊಂಬೆಗೆ ಗಾತ್ರ ಇದೆ, ನೆರಳು ಬೀಳುತ್ತದೆ, ವೇದಿಕೆಯ ಬಣ್ಣದ ಬೆಳಕು ಅದರ ಹೆಗಲ ಮೇಲೂ ಬೀಳುತ್ತದೆ. ರಟ್ಟಿನ ಕಟೌಟ್‌ಗೆ ಈ ಗುಣ ಇಲ್ಲ. ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ಸರಿದರೂ ಅದರ ಚಪ್ಪಟೆತನ ಕಾಣುತ್ತದೆ.

ಬೊಂಬೆ ಹೊಂದಿಸುವುದು

ನಿಮಗೆ ಬೇಕಾದದ್ದು ಒಮ್ಮೆ ಗಾಳಿ ತುಂಬಿ ವಾಲ್ವ್ ಮುಚ್ಚಿದರೆ ಹಾಗೇ ನಿಲ್ಲುವ ಪಿವಿಸಿ ಬೊಂಬೆ. ಅಂಗಡಿ ಮುಂದೆ ಕೈ ಬೀಸುತ್ತಾ ಕುಣಿಯುವ ಬೊಂಬೆ ಬೇರೆ ಜಾತಿ. ಅದು ಹೊಲಿದ ಬಟ್ಟೆ, ಹೊಲಿಗೆಯಿಂದ ಗಾಳಿ ಸೋರುತ್ತಲೇ ಇರುತ್ತದೆ, ಬ್ಲೋವರ್ ನಿಲ್ಲಿಸಿದರೆ ಕುಸಿಯುತ್ತದೆ. ಬ್ಲೋವರ್ ಸದ್ದಿನಲ್ಲಿ ಡೈಲಾಗ್ ರೆಕಾರ್ಡ್ ಮಾಡೋಕೂ ಆಗುವುದಿಲ್ಲ. ಜಾಹೀರಾತು ಬಲೂನು ಮಾಡುವವರ ಹತ್ತಿರ ಆರ್ಡರ್ ಕೊಡುವಾಗ "ಸೀಲ್ ಆಗುವ ಪಿವಿಸಿ, ಕೈಯಿಲ್ಲದ ಅರ್ಧ ದೇಹ, ತಳದಲ್ಲಿ ಕಟ್ಟೋಕೆ ಎರಡು ಕುಣಿಕೆ" ಅಂತ ಬಿಡಿಸಿ ಹೇಳಿ. ಮೊದಲು ನಾಲ್ಕು ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದು ನೋಡಿ. ಭುಜ ಅಗಲ ಸಾಲದಿದ್ದರೆ ಅಂಗಿ ಜೋತುಬೀಳುತ್ತದೆ. ಎಲ್ಲ ಒಂದೇ ಎತ್ತರ ಇದ್ದರೆ ತಲೆಗಳು ಗೆರೆ ಎಳೆದ ಹಾಗೆ ಕಾಣುತ್ತವೆ. ಎರಡು-ಮೂರು ಅಳತೆಯಲ್ಲಿ ಮಾಡಿಸಿ. ಇಲ್ಲದಿದ್ದರೆ ಅಲ್ಲಲ್ಲಿ ಬೊಂಬೆ ಕೆಳಗೆ ಮಡಚಿದ ಗೋಣಿಚೀಲ ಇಟ್ಟು ಎತ್ತರ ಬದಲಿಸಿ.

ಗಾಳಿ ಬೊಂಬೆಯ ದೊಡ್ಡ ಅನುಕೂಲ ಸಾಗಾಟ. ಬಟ್ಟೆ ಅಂಗಡಿಯ ಮಾನೆಕಿನ್‌ಗಳಾದರೆ ಇನ್ನೂರು ತರೋಕೆ ಲಾರಿ ಬೇಕು. ಗಾಳಿ ತೆಗೆದ ಬೊಂಬೆ ಮಡಚಿದರೆ ಒಂದು ಅಂಗಿಯಷ್ಟು. 240 ಬೊಂಬೆ, ಬಟ್ಟೆ, ಪಂಪ್ ಎಲ್ಲ ಸೇರಿ ಒಂದು ಟಾಟಾ ಏಸ್‌ನಲ್ಲಿ ಬಂದುಬಿಡುತ್ತವೆ.

ಬಟ್ಟೆ, ಮುಖ, ಕೂದಲು

ಪಿವಿಸಿ ಬೆಳಕಿಗೆ ಹೊಳೆಯುತ್ತದೆ. ವೇದಿಕೆಯ ಲೈಟ್ ಬಿದ್ದ ಕೂಡಲೇ 240 ಬೋಳುತಲೆ ಪಳಪಳ ಅನ್ನುತ್ತವೆ. ಬಣ್ಣ ಬಳಿಯೋಕೆ ಹೋಗಬೇಡಿ, ಮಡಚಿದಾಗ ಅದು ಚಕ್ಕೆ ಏಳುತ್ತದೆ. ಚಿಕ್ಕಪೇಟೆಯಲ್ಲಿ ಬನಿಯನ್ ಬಟ್ಟೆ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಜನರ ಮೈಬಣ್ಣದಂತೆ ತಿಳಿಗಂದಿನಿಂದ ಕಡುಗಂದಿನವರೆಗೆ ಮೂರ್ನಾಲ್ಕು ಛಾಯೆ ತಂದು, ತಲೆಯಿಂದ ಕುತ್ತಿಗೆವರೆಗೆ ಬರುವಂತೆ ಚೀಲ ಹೊಲಿಸಿ. ಬಟ್ಟೆ ಹಿಗ್ಗುತ್ತದೆ, ತಲೆಗೆ ಬಿಗಿಯಾಗಿ ಕೂರುತ್ತದೆ, ಹೊಳಪು ಪೂರ್ತಿ ಹೋಗುತ್ತದೆ. ಮುಖವಾಡವನ್ನು ಇದರ ಮೇಲೇ ಕಟ್ಟಿ.

ಅಂಗಿಗಳನ್ನು ಹೊಸದಾಗಿ ಕೊಳ್ಳಬೇಡಿ. ಹೊಸ ಅಂಗಿಯ ಮಡಿಕೆ ಗೆರೆ ದೂರದಿಂದಲೂ ಕಾಣುತ್ತದೆ. ಯೂನಿಟ್‌ನವರ ಮನೆಗಳಿಂದ ಹಳೆಯದು ಕೇಳಿ, ಸಾಲದಿದ್ದರೆ ಸಂಡೇ ಬಜಾರ್‌ಗೆ ಹೋಗಿ. ನಮ್ಮ ಸಭೆಗಳಲ್ಲಿ ಬಿಳಿ, ತಿಳಿನೀಲಿ, ಚೌಕುಳಿ ಅಂಗಿ ಜಾಸ್ತಿ. ನವೆಂಬರ್ ರಾತ್ರಿಯಾದ್ದರಿಂದ ಸ್ವೆಟರ್, ಮಂಕಿ ಕ್ಯಾಪ್, ಕಿವಿಗೆ ಸುತ್ತಿದ ಮಫ್ಲರ್ ಧಾರಾಳವಾಗಿ ಹಾಕಿ. ಮಂಕಿ ಕ್ಯಾಪ್ ಹಾಕಿದ ಬೊಂಬೆಗೆ ಮುಖದ ಕೆಲಸ ಅರ್ಧ ಕಡಿಮೆ. ಹಳದಿ-ಕೆಂಪು ಶಲ್ಯವನ್ನು ಎಲ್ಲರಿಗೂ ಹೊದಿಸಬೇಡಿ. ಐದರಲ್ಲಿ ಒಬ್ಬರಿಗೆ ಸಾಕು, ಅದೂ ಗುಂಪುಗುಂಪಾಗಿ. ಯುವಕರ ಸಂಘದವರು ಒಟ್ಟಿಗೆ ಕೂರುತ್ತಾರೆ, ಅಲ್ವಾ?

ಹೆಂಗಸರ ಬೊಂಬೆಗೆ ಇಡೀ ಸೀರೆ ಉಡಿಸುವ ಅಗತ್ಯವಿಲ್ಲ. ಒಂದು ಹಳೇ ಸೀರೆಯನ್ನು ಮೂರು ತುಂಡು ಮಾಡಿ, ಒಂದೊಂದು ಬೊಂಬೆಗೆ ರವಿಕೆ ಹಾಕಿ, ಎಡಭುಜದ ಮೇಲೆ ಸೆರಗು ಇಳಿಬಿಡಿ. ಕೂದಲಿಗೆ ಚೌರಿ, ಮೇಲೊಂದು ಪ್ಲಾಸ್ಟಿಕ್ ಮಲ್ಲಿಗೆ ದಂಡೆ. ಸೆರಗಿಗೆ ಪಿನ್ ಹಾಕುವ ಕೈಗಳನ್ನು ಮಾತ್ರ ತಡೆಯಬೇಕು. ಕಾಸ್ಟ್ಯೂಮ್ ಹುಡುಗಿಯರಿಗೆ ಅದು ರೂಢಿ, ಗೊತ್ತಾಗದೇ ಚುಚ್ಚಿಬಿಡುತ್ತಾರೆ. ಸೆಟ್‌ಗೆ ಬಂದ ಕೂಡಲೇ ಸೇಫ್ಟಿ ಪಿನ್, ಗುಂಡುಸೂಜಿ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಕಟ್ಟಿಡಿಸಿ. ಡಬಲ್ ಸೈಡ್ ಟೇಪ್, ವೆಲ್ಕ್ರೋ, ರಬ್ಬರ್ ಬ್ಯಾಂಡ್ ಕೊಡಿ.

ಕೈಯಿಲ್ಲದ ಬೊಂಬೆಯ ಅಂಗಿ ತೋಳು ಖಾಲಿ ನೇತಾಡುತ್ತದೆ. ಹಳೇ ಪೇಪರ್ ಸುರುಳಿ ತುಂಬಿ, ತುದಿಯನ್ನು ತೊಡೆಯ ಜಾಗಕ್ಕೆ ತಂದು ಕಟ್ಟಿದರೆ ಕೈ ಕಟ್ಟಿ ಕೂತಂತೆ ಆಗುತ್ತದೆ. ಕೆಲವರ ಮಡಿಲಲ್ಲಿ ಹೆಲ್ಮೆಟ್, ಕೆಲವರ ಮಡಿಲಲ್ಲಿ ವ್ಯಾನಿಟಿ ಬ್ಯಾಗ್ ಇಡಿ. ಭಾರವೂ ಆಯಿತು, ನೋಟವೂ ಸಹಜವಾಯಿತು.

ಗಾಳಿ ತುಂಬುವುದು, ಕಟ್ಟುವುದು

ಒಂದು ಬೊಂಬೆಗೆ 50-60 ಲೀಟರ್ ಗಾಳಿ ಹಿಡಿಯುತ್ತದೆ. ಗಾಳಿ ಹಾಸಿಗೆಗೆ ಬಳಸುವ ಸಣ್ಣ ಕರೆಂಟ್ ಪಂಪ್ ಸಾಕು. ಪಂಚರ್ ಅಂಗಡಿಯ ಕಂಪ್ರೆಸರ್ ಬೇಡ, ಒತ್ತಡ ಜಾಸ್ತಿಯಾಗಿ ಅಂಚು ಬಿಡುತ್ತದೆ. ನಾಲ್ಕು ಪಂಪ್, ಎಂಟು ಜನ ಇದ್ದರೆ 240 ಬೊಂಬೆಗೆ ಗಾಳಿ ತುಂಬಿ, ಬಟ್ಟೆ ತೊಡಿಸಿ ಕೂರಿಸೋಕೆ ಅರ್ಧ ದಿನ ಇಟ್ಟುಕೊಳ್ಳಿ.

ಬೆಂಗಳೂರಿನ ಹವೆಗೆ ತಕ್ಕಂತೆ ಮಾಡಬೇಕಾದ ಒಂದು ಮುಖ್ಯ ಕೆಲಸ ಇದೆ. ನೀವು ಗಾಳಿ ತುಂಬುವುದು ಮಧ್ಯಾಹ್ನ, ಶೂಟಿಂಗ್ ರಾತ್ರಿ. ಬಿಸಿಲಿಗೆ ಬೊಂಬೆಯೊಳಗಿನ ಗಾಳಿ 40 ಡಿಗ್ರಿಗೆ ಏರಿತು, ರಾತ್ರಿ 20ಕ್ಕೆ ಇಳಿಯಿತು ಅಂದರೆ ಅದರ ಗಾತ್ರ ಸುಮಾರು ನೂರಕ್ಕೆ 6ರಷ್ಟು ಕುಗ್ಗುತ್ತದೆ. ಕೇಳೋಕೆ ಸಣ್ಣದು. ಆದರೆ ಬೊಂಬೆ ಬಿರುಸಾಗಿ ನಿಲ್ಲುವುದೇ ಆ ಸ್ವಲ್ಪ ಹೆಚ್ಚಿನ ಗಾಳಿಯಿಂದ. ಎಲ್ಲೂ ಸೋರದೇ ಇದ್ದರೂ ರಾತ್ರಿ ಎಂಟರ ಹೊತ್ತಿಗೆ ಸಾಲುಸಾಲಾಗಿ ತಲೆ ಬಾಗಿರುತ್ತವೆ. ಹಾಗಂತ ಬಿಸಿಲಲ್ಲಿ ಬಿಗಿಯಾಗಿ ತುಂಬಿದರೆ ಅಂಚು ಬಿಡುತ್ತದೆ. ನೆರಳಿನಲ್ಲಿ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ತುಂಬಿ. ಸೂರ್ಯ ಮುಳುಗಿದ ಮೇಲೆ ಎಲ್ಲಕ್ಕೂ ಒಂದು ಸುತ್ತು ಗಾಳಿ ಹಿಡಿಸಿ. ಇದಕ್ಕಾಗಿ ಬಟ್ಟೆ ಬಿಚ್ಚಬೇಕಾಗಿ ಬರದಿರಲಿ, ವಾಲ್ವ್ ಬೆನ್ನಿನ ಕೆಳಗೆ ಇರುವಂತೆ ಮೊದಲೇ ಮಾಡಿಸಿ. ಕಾಲ್ ಶೀಟ್‌ನಲ್ಲೂ (ದಿನದ ಶೂಟಿಂಗ್ ವೇಳಾಪಟ್ಟಿ) ಇದಕ್ಕೆ ಒಂದು ಗಂಟೆ ಬರೆದಿಡಿ.

ಕುರ್ಚಿಯ ಬೆನ್ನಿಗೆ ಎರಡು ಕಡೆ ಬಟ್ಟೆಪಟ್ಟಿಯಿಂದ ಕಟ್ಟಿ, ಕುರ್ಚಿ ಕಾಲುಗಳನ್ನು ಪಕ್ಕದ ಕುರ್ಚಿಗೆ ಕಟ್ಟಿ. ಸಾಲಿನ ಎರಡು ತುದಿಗೆ ಎಂ-ಸ್ಯಾಂಡ್ ತುಂಬಿದ ಸಣ್ಣ ಚೀಲ ಇಡಿ. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಕಟ್ಟಿದರೂ ಎಲ್ಲ ಬೊಂಬೆ ಒಂದೇ ಕಡೆ ವಾಲುತ್ತವೆ, ಜನ ಹಾಗೆ ವಾಲುವುದಿಲ್ಲ.

ಬೆಂಕಿಯಿಂದ ದೂರ ಇಡುವುದು ಎಲ್ಲಕ್ಕಿಂತ ಮುಖ್ಯ. ಪಿವಿಸಿ ಸುಟ್ಟರೆ ಬರುವ ಹೊಗೆ ವಿಷ. ಬೊಂಬೆಗಳ ಹತ್ತಿರ ಪಟಾಕಿ, ಕರ್ಪೂರ, ಸಿಗರೇಟು ಯಾವುದೂ ಬೇಡ. ಬಿಸಿಯಾಗುವ ಹಳೇ ಲೈಟ್‌ಗಳಿಂದಲೂ ಅಂತರ ಇರಲಿ. ಸಾಲುಗಳ ನಡುವೆ ಓಡಾಡುವ ದಾರಿ ಬಿಡಿ, ಬೆಂಕಿ ಆರಿಸುವ ಸಿಲಿಂಡರ್ ಎರಡು ಕಡೆ ಇಡಿ.

ಜನರನ್ನು ಎಲ್ಲಿ ಕೂರಿಸಬೇಕು

1925ರ 'ಬೆನ್-ಹರ್' ಚಿತ್ರದ ರಥದ ಓಟದಲ್ಲಿ ಕೆಳಗಿನ ಗ್ಯಾಲರಿಯಲ್ಲಿ ನಿಜವಾದ ಜನ ಇದ್ದರು. ಮೇಲಿನ ಗ್ಯಾಲರಿಗಳು ಕ್ಯಾಮೆರಾ ಮುಂದೆ ತೂಗುಹಾಕಿದ ಪುಟ್ಟ ಮಾದರಿ. ಅದರೊಳಗೆ ಅಲುಗಾಡುವ ಸಣ್ಣ ಬೊಂಬೆಗಳು. ಹತ್ತಿರ ಜನ, ದೂರ ಬೊಂಬೆ, ಆದರೆ ದೂರದ ಬೊಂಬೆಯೂ ಅಲುಗಬೇಕು. ನೂರು ವರ್ಷದ ಹಿಂದಿನ ಈ ಲೆಕ್ಕವೇ ನಮಗೂ ನಡೆಯುತ್ತದೆ.

ನಮ್ಮ 60 ಜನರಲ್ಲಿ 20 ಜನ ಮೊದಲ ಸಾಲಿಗೆ, ಪೂರ್ತಿ. ಎರಡು ಮತ್ತು ಮೂರನೇ ಸಾಲಿನಲ್ಲಿ ಹತ್ತತ್ತು ಜನ, ಬೊಂಬೆಗಳ ನಡುವೆ. ಇಲ್ಲಿನ ಬೊಂಬೆಗಳನ್ನು ಮುಂದೆ ಕೂತವರ ತಲೆ ಅರ್ಧ ಮರೆಮಾಡುವಂತೆ ಜರುಗಿಸಿ. ಉಳಿದ 20 ಜನ ಹಿಂದಿನ 12 ಸಾಲುಗಳಲ್ಲಿ ಚದುರಬೇಕು. ಅವರನ್ನು ಸಮ ಅಂತರದಲ್ಲಿ ಕೂರಿಸಬೇಡಿ. ದಾರಿಯ ಪಕ್ಕದ ಕುರ್ಚಿಗೆ ಒಬ್ಬರು, ನಡುವೆ ಒಂದು ಜೋಡಿ, ಕೊನೆಯ ಸಾಲಿನಲ್ಲಿ ಎದ್ದು ಹೋಗೋಕೆ ಇಬ್ಬರು. ಕೆಲವು ಕುರ್ಚಿ ಖಾಲಿ ಬಿಟ್ಟರೂ ನಷ್ಟವಿಲ್ಲ, ನಿಜವಾದ ಸಭೆಯಲ್ಲಿ ಎದ್ದು ಹೋದವರ ಕುರ್ಚಿ ಇದ್ದೇ ಇರುತ್ತದೆ. ಹಿಂದೆ, ಪಕ್ಕದಲ್ಲಿ ಕೈಕಟ್ಟಿ ನಿಂತವರಾಗಿ ಯೂನಿಟ್‌ನವರನ್ನೇ ನಿಲ್ಲಿಸಿ.

ಈ 20 ಜನರಿಗೆ ಒಬ್ಬೊಬ್ಬರಿಗೂ ಒಂದು ಕೆಲಸ ಕೊಡಿ. "ಸಾರ್, ನೀವು ಭಾಷಣ ಶುರುವಾದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿ." "ಅಮ್ಮಾ, ನೀವು ಪಕ್ಕದವರ ಕಿವಿಯಲ್ಲಿ ಏನಾದ್ರೂ ಹೇಳಿ." ಪಕ್ಕದವರು ಬೊಂಬೆ. ಆದರೆ ಆ ಅಮ್ಮ ವಾಲಿದ ಕ್ಷಣ ಅದು ಕೇಳಿಸಿಕೊಳ್ಳುವ ಹೆಂಗಸಾಗುತ್ತದೆ. ಎಲ್ಲರೂ ಒಟ್ಟಿಗೆ ಅಲುಗಬಾರದು, ಸಹಾಯಕ ನಿರ್ದೇಶಕರು ಯಾವ ಡೈಲಾಗ್ ಬಂದಾಗ ಅಲುಗಬೇಕು ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಸೂಚನೆ ಕೊಡಲಿ. ಬೊಂಬೆಗಳಿಗೂ ಅಲುಗಾಟ ಬೇಕಾದರೆ ಒಂದು ಸಾಲಿನ ಮೂರ್ನಾಲ್ಕು ಬೊಂಬೆಗಳ ಭುಜಕ್ಕೆ ತೆಳುವಾದ ನೈಲಾನ್ ದಾರ ಕಟ್ಟಿ, ತುದಿಯನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ಮೆಲ್ಲಗೆ ಎಳೆದರೆ ಸಾಕು.

ಇಷ್ಟೆಲ್ಲ ಹೊರೆ ಈ 60 ಜನರ ಮೇಲಿದೆ. ಬೊಂಬೆಯಿಂದ ಉಳಿದ ದುಡ್ಡಿನಲ್ಲಿ ಅವರಿಗೆ ಮಾಮೂಲಿಗಿಂತ ಹೆಚ್ಚು ಕೊಡಿ, ನೆರಳಿನಲ್ಲಿ ಕೂರಿಸಿ, ಊಟದ ಹೊತ್ತು ತಪ್ಪಿಸಬೇಡಿ. ಇದು ನನ್ನ ಕಳಕಳಿಯ ಮನವಿ. ಬೊಂಬೆ ತರುವುದು ಜೂನಿಯರ್ ಆರ್ಟಿಸ್ಟ್‌ಗಳ ಅನ್ನಕ್ಕೆ ಕಲ್ಲು ಹಾಕೋಕೆ ಅಂತ ಆಗಬಾರದು.

ಗದ್ದಲದ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ. 60 ಜನ ಮೈಕ್‌ನಿಂದ ಬೇರೆ ಬೇರೆ ದೂರದಲ್ಲಿ ನಿಂತು ಐದಾರು ಸಲ ಚಪ್ಪಾಳೆ, ಕೂಗು ಕೊಟ್ಟರೆ ಒಂದರ ಮೇಲೊಂದು ಹಾಕಿಕೊಳ್ಳಬಹುದು. ಅನುಮತಿಯ ವಿಷಯ: ಮೈದಾನ ಯಾರದ್ದೋ ಅವರಿಂದ, ರಸ್ತೆಗೆ ತೊಂದರೆಯಾಗುವುದಿದ್ದರೆ ಪೊಲೀಸರಿಂದ ಮುಂಚೆಯೇ ಪತ್ರ ಪಡೆಯಿರಿ.

ಇದನ್ನು ಕಥೆ, ಜಾಹೀರಾತು, ಫೋಟೋ ಕಲೆಗೆ ಮಾತ್ರ ಬಳಸಿ. ಯಾವುದೋ ನಾಯಕರ ಸಭೆ ತುಂಬಿತ್ತು ಅಂತ ತೋರಿಸೋಕೆ ಬೊಂಬೆ ಕೂರಿಸಿ ಕೊಡಿ ಎಂದು ಯಾರಾದರೂ ಕೇಳಿದರೆ ಆಗಲ್ಲ ಅನ್ನಿ. ಅದು ಜನರಿಗೆ ಮಾಡುವ ಮೋಸ.

ಶೂಟಿಂಗ್ ಮುಗಿದ ಮೇಲೆ

ದಣಿದಿರುತ್ತೀರಿ, ಎಲ್ಲವನ್ನೂ ಮೂಟೆ ಕಟ್ಟಿಬಿಡೋಣ ಅನಿಸುತ್ತದೆ. ರಾತ್ರಿ ಇಬ್ಬನಿ ಬಿದ್ದ ಬೊಂಬೆ ಮಡಚಿದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಿ, ನೆರಳಿನಲ್ಲಿ ಒಣಗಿಸಿ, ಟಾಲ್ಕಂ ಪೌಡರ್ ಸವರಿ ಮಡಚಿ. ಪೌಡರ್ ಇಲ್ಲದಿದ್ದರೆ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ರತಿ ಬೊಂಬೆಯ ತಳದಲ್ಲಿ ಮಾರ್ಕರ್‌ನಿಂದ ನಂಬರ್ ಬರೆದಿಡಿ. ಎರಡನೇ ದಿನ ಶೂಟಿಂಗ್ ಇದ್ದರೆ ಆರನೇ ಸಾಲಿನ ಹದಿನಾಲ್ಕನೇ ಕುರ್ಚಿಯ ಚೌಕುಳಿ ಅಂಗಿ ಅಲ್ಲೇ ಬಂದು ಕೂರಬೇಕಲ್ಲ, ಕಂಟಿನ್ಯೂಟಿಗೆ ಇದೇ ಆಧಾರ. ಗೋಡೌನ್‌ನಲ್ಲಿ ಇಲಿ ಕಾಟ ಇರುತ್ತದೆ, ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಇಡಿ.

ಮುಂದಿನ ಶೂಟಿಂಗ್‌ಗೆ ಎರಡು ದಿನ ಮುಂಚೆ ಎಲ್ಲಕ್ಕೂ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೀರಾ ಮೆತ್ತಗಾದವನ್ನು ಬೇರೆ ಮಾಡಿ, ಸೋಪು ನೀರು ಸವರಿ. ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ, ಒಣಗಿಸಿ, ಪಿವಿಸಿ ತುಂಡು ಮತ್ತು ಪಿವಿಸಿಗೆ ಹಿಡಿಯುವ ಗಮ್‌ನಿಂದ ಪ್ಯಾಚ್ ಹಾಕಿ. ಸೈಕಲ್ ಟ್ಯೂಬಿನ ಸೊಲ್ಯೂಷನ್ ರಬ್ಬರ್‌ಗೆ ಮಾಡಿದ್ದು, ಪಿವಿಸಿ ಮೇಲೆ ನಿಲ್ಲುವುದಿಲ್ಲ. ವಾಲ್ವ್ ಹತ್ತಿರವೇ ಸೋರುತ್ತಿದ್ದರೆ ಪ್ಯಾಚ್ ಹಿಡಿಯುವುದು ಕಷ್ಟ, ಅಂಥ ಬೊಂಬೆಯನ್ನು ಪಕ್ಕಕ್ಕಿಟ್ಟು ಅದರ ಪಿವಿಸಿಯನ್ನೇ ಉಳಿದವಕ್ಕೆ ಪ್ಯಾಚ್ ಆಗಿ ಕತ್ತರಿಸಿಕೊಳ್ಳಿ.